ಮೂರೇ ದಿನಕ್ಕೆ ಹಲ್ಲಿನ ಸೆಟ್ ಕೊಡ್ತೀವಿ ಅಂದ್ರೆ ಎದ್ದು ಬನ್ನಿ

ಬೈಸಿಕೊಳ್ಳೋಕೆ ತಯಾರಾಗೇ ಬರೀತಿದ್ದೀನಿ. ದಕ್ಷಿಣ ಬೆಂಗಳೂರಿನ ಒಂದು ಕ್ಲಿನಿಕ್ಕಲ್ಲಿ 24 ಸಾವಿರ ಕೊಟ್ಟು ಅಮ್ಮನಿಗೆ ಮೇಲೆ ಕೆಳಗೆ ಪೂರ್ತಿ ಹಲ್ಲು ಕಟ್ಟಿಸಿದ್ವಿ. "ಮೂರೇ ದಿನ ಸರ್, ಪ್ರೀಮಿಯಂ ಸೆಟ್ಟು, ಪರ್ಮನೆಂಟು" ಅಂದ್ರು. ಮೂರು ದಿನ ಅಂದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಯಾಯ್ತು. ನಾಚಿಕೆ ಆಗೋದು ಅದಕ್ಕೇ.

ಕೆಳಗಡೆ ಉಳಿದಿದ್ದ ನಾಲ್ಕು ಹಲ್ಲು ಕೀಳಿಸಿ ಆಗ ಬರೀ 12 ದಿನ ಆಗಿತ್ತು. ಹಲ್ಲು ಕಿತ್ತ ಜಾಗದ ಮೂಳೆ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ ಕರಗೋದು. ಅದಕ್ಕೇ ಆರರಿಂದ ಎಂಟು ವಾರ ಆದ್ರೂ ಬಿಡ್ತಾರೆ, ಎಷ್ಟೋ ಜನ ಮೂರು ತಿಂಗಳು ಕಾಯಿಸ್ತಾರೆ. ಬೇಗ ಬೇಕೇಬೇಕು ಅಂದ್ರೆ ಮಾಡಿಕೊಡಬಹುದು, ತಪ್ಪಿಲ್ಲ. ಆದ್ರೆ ಅದು ತಾತ್ಕಾಲಿಕ ಸೆಟ್ಟು, ವಸಡು ಇಳಿದ ಮೇಲೆ ಒಳಗಡೆ ರಿಲೈನ್, ಅಂದ್ರೆ ಸಡಿಲಾದ ಜಾಗಕ್ಕೆ ಹೊಸ ಪದರ ತುಂಬಿಸೋದು, ಮಾಡಿಸಲೇಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು. ಇವರು ಹೇಳಿದ್ದು ಪರ್ಮನೆಂಟು. ಪರ್ಮನೆಂಟು ಅಂತ ಎರಡು ಸಲ ಹೇಳಿದ್ರು.

ಅಳತೆ ತಗೊಂಡಿದ್ದು ಒಂದೇ ಸಲ. ಅಂಗಡಿಯಲ್ಲಿ ರೆಡಿ ಸಿಗೋ ಟ್ರೇಗೆ ಗುಲಾಬಿ ಬಣ್ಣದ ಆಲ್ಜಿನೇಟ್ ಅನ್ನೋ ಅಳತೆ ಹಿಟ್ಟು ಕಲಸಿ ತುಂಬಿ ಬಾಯಿಗೆ ಒತ್ತಿದ್ರು, ತೆಗೆದ್ರು, ಸಿಂಕ್ ಪಕ್ಕದ ಕಟ್ಟೆ ಮೇಲೆ ಫ್ಯಾನ್ ಕೆಳಗೆ ಇಟ್ರು. ಆಲ್ಜಿನೇಟ್‌ನಲ್ಲಿರೋದು ಬಹುಪಾಲು ನೀರು. ಗಾಳಿಗಿಟ್ರೆ ಆರಿ ಕುಗ್ಗುತ್ತೆ, ಕೂಡಲೇ ಅದರೊಳಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೀಬೇಕು. ಇದು ಮಧ್ಯಾಹ್ನದಿಂದ ಅಲ್ಲೇ ಇತ್ತು. ಸಂಜೆ ಇನ್ನೊಂದು ರಿಪೋರ್ಟ್ ತರೋಕೆ ಹೋದಾಗ ಲ್ಯಾಬಿನ ಹುಡುಗ ಅದನ್ನ ಕವರಿಗೆ ಹಾಕ್ಕೊಳ್ತಿದ್ದ. ನೋಡಿದೆ. ನೋಡಿ ಸುಮ್ನೆ ಬಂದೆ.

ಸರಿಯಾದ ಕ್ರಮ ಆಮೇಲೆ ಗೊತ್ತಾಯ್ತು. ಮೊದಲ ಅಳತೆಯಿಂದ ಆ ಬಾಯಿಗೇ ಅಂತ ಒಂದು ಟ್ರೇ ಮಾಡ್ತಾರೆ. ಅದರ ಅಂಚಿಗೆ ಕಡ್ಡಿ ಥರ ಸಿಗೋ ಮೇಣದಂಥ ಹಸಿರು ಕಾಂಪೌಂಡ್ ಕರಗಿಸಿ ಹಚ್ಚಿ ತುಟಿ, ಕೆನ್ನೆ ಎಳೆದು, ನಾಲಿಗೆ ಆಡಿಸಿ, ಅಂಚು ಎಲ್ಲಿವರೆಗೆ ಬರಬೇಕು ಅಂತ ಗುರುತು ಮಾಡ್ತಾರೆ. ಆಮೇಲೆ ಪೇಸ್ಟ್ ಹಾಕಿ ಎರಡನೇ ಅಳತೆ. ಇನ್ನೊಂದು ದಿನ ಮೇಣದ ದಿಂಡು ಕಚ್ಚಿಸಿ ದವಡೆಯ ಎತ್ತರ, ಅಂದ್ರೆ ಕಚ್ಚಿದಾಗ ಮೇಲಿನ ಕೆಳಗಿನ ದವಡೆ ಮಧ್ಯ ಎಷ್ಟು ಅಂತರ ಇರಬೇಕು ಅಂತ ನೋಡ್ತಾರೆ. ಅದಾದ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ ಬಾಯಿಗಿಟ್ಟು ತೋರಿಸ್ತಾರೆ. ಕೊನೆಗೆ ಸೆಟ್ ಕೊಡೋದು. ಐದು ಸಲ ಹೋಗಿಬರಬೇಕು. ನಮ್ಮನ್ನ ಕರೆಸಿದ್ದು ಎರಡು ಸಲ.

ಮೊದಲ ದಿನದಿಂದಲೇ ಕೆಳಗಿನದು ಬಾಯೊಳಗೆ ತೇಲಾಡ್ತಿತ್ತು. ಕೆಳಗಿನ ಸೆಟ್ ಮೇಲಿನದರಷ್ಟು ಬಿಗಿಯಾಗಿ ಯಾರಿಗೂ ಕೂರಲ್ಲ. ಮೇಲಿನದು ಅಂಗುಳಿಗೆ ಹೀರಿಕೊಂಡು ಕೂರುತ್ತೆ, ಆ ಹಿಡಿತ ಇದಕ್ಕೆ ಸಿಗಲ್ಲ, ಮಧ್ಯದಲ್ಲಿ ನಾಲಿಗೆ ಬೇರೆ. ಆದ್ರೆ ನೀರು ಕುಡಿದ್ರೆ ಏಳೋದು ಬೇರೆ ಮಾತು. ಮಾತಾಡಿದ್ರೆ ಟಕ ಟಕ ಸದ್ದು. ಸಂಜೆ ಹೊತ್ತಿಗೆ ದವಡೆ ನೋವು. ತುಟಿ ಮುಚ್ಚೋಕೆ ಆಗ್ತಿರಲಿಲ್ಲ. ಸುಮ್ನೆ ಕೂತಾಗ ಮೇಲಿನ ಕೆಳಗಿನ ಹಲ್ಲುಗಳ ಮಧ್ಯ 2ರಿಂದ 4 ಮಿಲಿಮೀಟರ್ ಸಂದು ಇರಬೇಕಂತೆ. ಅಮ್ಮಂದು ಯಾವಾಗಲೂ ತಾಗಿಕೊಂಡೇ ಇತ್ತು. ಅಂದ್ರೆ ಎತ್ತರವೇ ತಪ್ಪು.

ಅವರ ಉತ್ತರ ಕೇಳಿ. ಮೊದಲ ವಾರ: "ಅಭ್ಯಾಸ ಆಗುತ್ತೆ ಆಂಟಿ, ಜೋರಾಗಿ ಪೇಪರ್ ಓದಿ." ಎರಡನೇ ವಾರ: "ಅಂಟು ಪೇಸ್ಟ್ ಹಚ್ಕೊಳ್ಳಿ." ಹುಣ್ಣಾಗಿದೆ ಅಂದ್ರೆ ಒಳಗಡೆ ಉಜ್ಜಿ ಉಜ್ಜಿ ಕೊಡೋರು. ಎತ್ತರ ತಪ್ಪಿದ್ರೆ ಒಳಗೆ ಉಜ್ಜಿ ಏನಾಗುತ್ತೆ? ಇನ್ನೂ ಸಡಿಲ ಆಗುತ್ತೆ, ಅಷ್ಟೇ. ನಾಲ್ಕನೇ ಸಲ: "ಸಾಫ್ಟ್ ಲೈನರ್ ಹಾಕೋಣ, 6 ಸಾವಿರ ಆಗುತ್ತೆ." ಅಂದ್ರೆ ಸೆಟ್ಟಿನ ಒಳಗಡೆ ಒಂದು ಮೆತ್ತನೆ ಪದರ. ಅದಕ್ಕೂ ಹ್ಞೂ ಅನ್ನೋದ್ರಲ್ಲಿದ್ದೆ!

ಊಟಕ್ಕೆ ಕೂತಾಗ ಅಮ್ಮ ಗೋಡೆ ಕಡೆ ತಿರುಗಿ ಕೆಳಗಿನ ಸೆಟ್ ತೆಗೆದು ಲೋಟಕ್ಕೆ ಹಾಕಿ, ಅಕ್ಕಿರೊಟ್ಟಿಯನ್ನ ಸಾರಲ್ಲಿ ನೆನೆಸಿಕೊಂಡು ತಿನ್ನೋರು. ಅದನ್ನ ನೋಡಿದ ಮೇಲೆ ಒಂದು ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದೆ. ಅಲ್ಲಿನ ಮೇಡಂ ಸೆಟ್ ತಿರುಗಿಸಿ ನೋಡಿ ಕೇಳಿದ್ದು ಒಂದೇ: "ಮೇಣದ ಹಲ್ಲು ಹಾಕಿ ತೋರಿಸಿದ್ರಾ ಅಮ್ಮ?" ಅಮ್ಮ ನನ್ನ ಮುಖ ನೋಡಿದ್ರು. ಮೇಣದ ಹಲ್ಲು ಅಂತ ಒಂದು ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಚಪ್ಪಲಿ ತಗೊಳ್ಳುವಾಗಲೂ ಎರಡು ಹೆಜ್ಜೆ ನಡೆದು ನೋಡ್ತೀವಿ, ಇದಕ್ಕೆ 24 ಸಾವಿರ ಎಣಿಸಿಕೊಟ್ಟು ಬಂದಿದ್ದೀನಿ.

ವಾಪಸ್ ಹೋಗಿ ಕೇಳಿದ್ರೆ ಡಾಕ್ಟರ್ ಏನಂದ್ರು ಗೊತ್ತಾ? "ನೀವು ಬಿಸಿನೀರಿಗೆ ಹಾಕಿದ್ದೀರಿ ಸರ್, ಅದಕ್ಕೇ ಸೊಟ್ಟಗಾಗಿದೆ." ಹಾಕಿದ್ದೆ, ಒಪ್ಪಿಕೊಳ್ತೀನಿ. ಸ್ವಚ್ಛ ಆಗಲಿ ಅಂತ ಕುದಿಸಿದ ನೀರಿಗೆ ಹಾಕಿದ್ದೆ. ಸೆಟ್ ಮಾಡೋ ಅಕ್ರಿಲಿಕ್ ಪ್ಲಾಸ್ಟಿಕ್ಕು ಬಿಸಿಗೆ ಸೊಟ್ಟಗಾಗುತ್ತೆ ಅನ್ನೋದೂ ನಿಜ. ಆದ್ರೆ ಮೊದಲ ದಿನದಿಂದ ಅಲ್ಲಾಡ್ತಿದ್ದದ್ದು ಮೂರನೇ ವಾರ ಹಾಕಿದ ಬಿಸಿನೀರಿಗಾ? ಬಿಸಿನೀರು ಬೇಡ ಅಂತ ಒಂದು ಚೀಟಿ ಆದ್ರೂ ಕೊಟ್ಟಿದ್ರಾ? ಪ್ರೀಮಿಯಂ ಅಂದ್ರಲ್ಲ, ಯಾವ ಕಂಪನಿ ಹಲ್ಲು ಬರೆದುಕೊಡಿ ಅಂದೆ. "ಅದೆಲ್ಲ ಲ್ಯಾಬಿನವರಿಗೆ ಗೊತ್ತು ಸರ್." ಬಿಲ್ಲಲ್ಲಿ ಇರೋದು "ಡೆಂಚರ್ – 1", ಅಷ್ಟೇ.

ಅವರು ಕೊಡದ ಚೀಟಿ ನಾನೇ ಬರೀತೀನಿ. ರಾತ್ರಿ ಸೆಟ್ ತೆಗೆದು ತಣ್ಣೀರಲ್ಲಿ ಮುಳುಗಿಸಿಡಿ. ವಸಡಿಗೆ ಬಿಡುವು ಬೇಕು. ಹಾಕ್ಕೊಂಡೇ ಮಲಗಿದ್ರೆ ಅಂಗುಳು ಕೆಂಪಾಗಿ ಫಂಗಸ್ ಬರಬಹುದು. ಹೊರಗೆ ಒಣಗೋಕೆ ಬಿಡಬೇಡಿ. ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ಗೀರು ಬೀಳುತ್ತೆ, ಗೀರಲ್ಲಿ ಕೊಳೆ ಕೂರುತ್ತೆ. ಮೆತ್ತನೆ ಬ್ರಷ್ಷು, ಸ್ವಲ್ಪ ಸೋಪು, ಕೆಳಗೆ ನೀರು ತುಂಬಿದ ಬೇಸಿನ್ನು, ಯಾಕಂದ್ರೆ ಸಿಂಕಿಗೆ ಜಾರಿ ಬಿದ್ರೆ ಎರಡು ತುಂಡು. ಸೆಟ್ ತೆಗೆದ ಮೇಲೆ ವಸಡು, ನಾಲಿಗೆ ಕೂಡ ಉಜ್ಜಿ. ಅಂಟು ಪೇಸ್ಟ್ ಕಡಲೆಕಾಳಿನಷ್ಟು ಎರಡು ಮೂರು ಕಡೆ ಸಾಕು, ಅದು ತಪ್ಪು ಅಳತೆಗೆ ಔಷಧಿ ಅಲ್ಲ. ಹುಣ್ಣಾಗಿದೆ ಅಂತ ಪೂರ್ತಿ ತೆಗೆದಿಟ್ಟು ಡಾಕ್ಟರ್ ಹತ್ರ ಹೋಗಬೇಡಿ. ಹೋಗೋ ದಿನ ಕೆಲವು ಗಂಟೆ ಹಾಕಿಕೊಂಡಿದ್ರೆ ಎಲ್ಲಿ ಒತ್ತುತ್ತಿದೆ ಅಂತ ಗುರುತು ಕಾಣುತ್ತೆ. ಮೊದಲ ವಾರ ಮೆತ್ತಗಿನ ಅನ್ನ, ಮುದ್ದೆ, ಎರಡೂ ಕಡೆ ಸಮ ಅಗಿಯೋದು. ನಿಪ್ಪಟ್ಟು ಕೋಡುಬಳೆ ಸದ್ಯಕ್ಕೆ ಮರೀರಿ.

ದುಡ್ಡು ಕೊಡೋ ಮುಂಚೆ ಎಷ್ಟು ಸಿಟ್ಟಿಂಗ್, ಮೇಣದ ಟ್ರಯಲ್ ಇದೆಯಾ ಕೇಳಿ. ಟ್ರಯಲ್ ಇಲ್ಲ ಅಂದ್ರೆ ನಮಸ್ಕಾರ ಹೇಳಿ ಬನ್ನಿ. ಕೆಲಸ ಮಾಡೋರು ಪ್ರಾಸ್ಥೊಡಾಂಟಿಸ್ಟಾ, ಅಂದ್ರೆ ಹಲ್ಲು ಕಟ್ಟೋದರಲ್ಲೇ ಪರಿಣತಿ ಪಡೆದ ಡಾಕ್ಟರಾ ಅಂತಲೂ ಕೇಳಿ. ಕೋಟೆ ಹತ್ರ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ, ಕಾಯೋಕೆ ಸಮಯ ಇರೋರು ವಿಚಾರಿಸಿ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರ ಉಚಿತವಾಗಿ ಹಲ್ಲಿನ ಸೆಟ್ ಕೊಡೋ ದಂತಭಾಗ್ಯ ಯೋಜನೆ ಬಗ್ಗೆಯೂ ಅಲ್ಲಿ ಕೇಳಬಹುದು. ಗ್ರಾಹಕರ ಆಯೋಗಕ್ಕೆ ಹೋಗೋದಾದ್ರೆ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೆ ಬಿಲ್ ಬೇಕು, ಸರಿಯಾಗಿ ಬರೆಸಿಕೊಂಡ ಬಿಲ್. ನನ್ನ ಥರ "ಡೆಂಚರ್ – 1" ಅಲ್ಲ.

ಈಗ ಕಾಲೇಜಲ್ಲಿ ಹೊಸದು ಆಗ್ತಿದೆ. ಮಂಗಳವಾರ ಮೇಣದ ಟ್ರಯಲ್ ಇತ್ತು. ಮೇಡಂ "ಸಾಸಿವೆ, ಸೊಸೆ, ಅರವತ್ತಾರು" ಅಂತ ಹೇಳಿಸಿದ್ರು, ಎಲ್ಲೂ ಟಕ್ ಅನ್ನಲಿಲ್ಲ. ಕೈಗೆ ಕನ್ನಡಿ ಕೊಟ್ರು. ಅಮ್ಮ ಎರಡು ನಿಮಿಷ ನೋಡಿ, ಮುಂದಿನ ಎಡಗಡೆ ಹಲ್ಲು ಒಂಚೂರು ಓರೆ ಇಡ್ತೀರಾ, ನಂದು ಮೊದಲಿಂದ ಹಾಗೇ ಇತ್ತು ಅಂದ್ರು. ಮೇಡಂ ಚಾಕುವಿನ ತುದಿ ಕಾಯಿಸಿ, ಮೇಣ ಸಡಿಲ ಮಾಡಿ, ಅಲ್ಲೇ ತಿರುಗಿಸಿದ್ರು.