ಚಂಡಮಾರುತದ ಮುನ್ನ ಹಾಯಿದೋಣಿ: ದಡವೇ, ಕಾಂಡ್ಲಾ ಕೊಲ್ಲಿಯೇ, ಮರೀನಾವೇ?

ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲವಾದ ಜೂನ್ 1ರಿಂದ ನವೆಂಬರ್ 30ರವರೆಗೆ ದೋಣಿಯನ್ನು ಎಲ್ಲಿಡಲಿ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ದಡಕ್ಕೆ ಎತ್ತಿಸುವುದೇ ಭಾರ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಸುತ್ತುವರಿದ ಕೊಲ್ಲಿಗೆ ಹಣ ಕಡಿಮೆ, ಮೈಮುರಿಯುವ ದುಡಿಮೆ ಹೆಚ್ಚು.

ಭದ್ರತೆಯ ಮಾತು ಅಷ್ಟು ಸರಳವಲ್ಲ. 2004ರಲ್ಲಿ ಐವಾನ್ ಚಂಡಮಾರುತವು ಗ್ರೆನೆಡಾದಲ್ಲಿ ದಡದ ಮೇಲಿದ್ದ ದೋಣಿಗಳನ್ನೂ ಉರುಳಿಸಿತು. ಬರೀ ಊರೆಗಂಬ ಸಾಲದು. ನೆಲದಲ್ಲಿ ಹೂತ ಲಂಗರಿಗೆ ಪಟ್ಟಿಗಳಿಂದ ಬಿಗಿಯಬೇಕು, ಸಾಧ್ಯವಾದರೆ ಹಾಯಿ ಕಟ್ಟುವ ಕೂವೆಕಂಬವನ್ನೂ ಇಳಿಸಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು! ಇನ್ನು ಕೊಲ್ಲಿ: 2017ರ ಇರ್ಮಾ ಚಂಡಮಾರುತದಲ್ಲಿ ಟಾರ್ಟೋಲಾ ದ್ವೀಪದ ಪರಾಕ್ವಿಟಾ ಕೊಲ್ಲಿಯಲ್ಲಿ ಆಶ್ರಯ ಪಡೆದ ದೋಣಿಗಳು ಒಂದರ ಮೇಲೊಂದು ರಾಶಿ ಬಿದ್ದವು. ನಿಮ್ಮ ಗಂಟು ಗಟ್ಟಿಯಿದ್ದರೂ ಪಕ್ಕದವರದು ಬಿಚ್ಚಿಕೊಂಡರೆ ಮುಗಿಯಿತು.

ಮರೀನಾದಲ್ಲಿ, ಅಂದರೆ ದೋಣಿ ನಿಲ್ಲಿಸುವ ಸಣ್ಣ ಬಂದರಿನಲ್ಲಿ, ತೇಲುಕಟ್ಟೆಯನ್ನು ಹಿಡಿದಿಡುವ ಕಂಬಗಳ ಎತ್ತರ ನೋಡಿ. ಉಕ್ಕುವ ನೀರು ಅದನ್ನು ಮೀರಿದರೆ ಕಟ್ಟೆಯೇ ತೇಲಿಹೋಗುತ್ತದೆ.

ನೀರಿನಲ್ಲೇ ಬಿಟ್ಟರೆ ಹಗ್ಗವು ದೋಣಿಯ ಅಂಚಿಗೆ ಉಜ್ಜುವ ಆ ಒಂದು ಗೇಣು ಜಾಗವನ್ನು ಮರೆಯಬೇಡಿ. ಅಲ್ಲಿಯೇ ಅದು ಸವೆದು ತುಂಡಾಗುವುದು. ಸುತ್ತಿಟ್ಟ ಮುಂಹಾಯಿಯನ್ನೂ ಕಳಚಿಬಿಡಿ.

ತಿಂಗಳುಗಟ್ಟಲೆ ಊರಿನಲ್ಲಿರುವುದಿಲ್ಲವೆಂದಾದರೆ ದಡವೇ ಸರಿ. ಹತ್ತಿರವೇ ಇದ್ದು ಮೊದಲೇ ಜಾಗ ಹಿಡಿಯಬಲ್ಲಿರಾದರೆ, ಜನದಟ್ಟಣೆಯಿಲ್ಲದ ಕಾಂಡ್ಲಾ ಕೊಲ್ಲಿ. ಒಳನಾಡಿನ ಎತ್ತರ ಕಂಬದ ಮರೀನಾ ಸಿಕ್ಕರೆ ಸಾಧಾರಣ ಬಿರುಗಾಳಿಗೆ ಅದೂ ಆದೀತು. ಎಲ್ಲಿ ಕಟ್ಟಿದರೂ, ದೋಣಿಯೊಳಗೆ ಮಾತ್ರ ಉಳಿಯಬೇಡಿ.