ಕೇಟಿ ಬಿದ್ದ ಹುಡುಗನಿಗೆ ಯಾವುದು ಕೆಲಸಕ್ಕೆ ಬಂತು: ಕ್ಲಾಸ್, ಸಿಎ ಹುಡುಗ, ಯೂಟ್ಯೂಬ್, ಕಾಲೇಜು

ಮುಂಬೈಯಲ್ಲಿ ಡಿಗ್ರಿ ಓದುವವರು ಒಂದೆರಡು ವಿಷಯದಲ್ಲಿ ಫೇಲಾದರೆ ಕೂಡಲೇ ವರ್ಷ ಹಾಳಾಗುವುದಿಲ್ಲ. ಎಟಿಕೆಟಿ ಅಂತ ಒಂದು ವ್ಯವಸ್ಥೆ ಇದೆ, ಬಾಯಲ್ಲಿ ಎಲ್ಲರೂ ಕೇಟಿ ಅಂತಾರೆ. ಮುಂದಿನ ಸೆಮಿಸ್ಟರಿಗೆ ಹೋಗಬಹುದು, ಬಾಕಿ ಉಳಿದ ಪೇಪರ್ ಮತ್ತೆ ಬರೆಯಬೇಕು. ಕೇಳುವುದಕ್ಕೆ ಸುಲಭ. ಆದರೆ ಹೊಸ ಪಾಠ, ಹಳೇ ಬಾಕಿ ಎರಡೂ ಒಟ್ಟಿಗೆ ತಲೆ ಮೇಲೆ ಕೂರುತ್ತವೆ.

ನನ್ನ ಅಕ್ಕನ ಮಗನಿಗೆ ಬಿಕಾಂ ಮೊದಲ ಸೆಮಿಸ್ಟರಿನಲ್ಲೇ ಅಕೌಂಟ್ಸ್, ಮ್ಯಾಥ್ಸ್ ಎರಡರಲ್ಲೂ ಕೇಟಿ ಬಿತ್ತು. ಕಾರ್ಕಳದಲ್ಲಿ ಪಿಯುಸಿ ಮುಗಿಸಿ ಬಂದವನು, ಮುಲುಂಡಿನಲ್ಲಿ ನಮ್ಮ ಮನೆಯಲ್ಲಿದ್ದು ದಕ್ಷಿಣ ಮುಂಬೈಯ ಒಂದು ಕ್ರಿಶ್ಚಿಯನ್ ಕಾಲೇಜಿಗೆ ಹೋಗುತ್ತಾನೆ. ಸಂಜೆ ಭಾಂಡುಪಿನಲ್ಲಿ ನಮ್ಮವರದ್ದೇ ಹೋಟೆಲಿನ ಗಲ್ಲಾ ಮೇಲೆ ಕೂರುತ್ತಾನೆ. ಅವನಿಗಾಗಿ ಹಾಕಿ ನೋಡಿದ ದಾರಿಗಳ ಬಗ್ಗೆ ಬರೆಯುತ್ತಿದ್ದೇನೆ. ಮುಂಬೈ ಕನ್ನಡಿಗರ ಮನೆಗಳಲ್ಲಿ ಊರಿಂದ ಬಂದ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ, ಅಲ್ವಾ?

ಮೊದಲು ಕ್ಲಾಸ್, ಅಂದರೆ ಹೊರಗಿನ ಕೋಚಿಂಗ್, ಯಾಕೆಂದರೆ ಎಲ್ಲರೂ ಹೇಳುವುದು ಅದನ್ನೇ. ಥಾಣೆ ಸ್ಟೇಷನ್ ಹತ್ತಿರ, ಮೂರನೇ ಮಹಡಿ, ಎಸಿ ಹಾಲ್, ಬೆಂಚಿಗೆ ನಾಲ್ಕು ಜನ. ಸರ್ ಚೆನ್ನಾಗಿ ಕಲಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಏನೆಂದರೆ ಕ್ಲಾಸಿನ ಗಡಿಯಾರ ಓಡುವುದು ಪೋರ್ಷನ್ ಮುಗಿಸುವುದಕ್ಕೆ. ತೊಂಬತ್ತು ಬೇಕಾದವನೂ ನಲವತ್ತು ದಾಟಿದರೆ ಸಾಕು ಅನ್ನುವವನೂ ಒಂದೇ ಬ್ಯಾಚಿನಲ್ಲಿ. ನಮ್ಮವನು ಬೋರ್ಡಿನ ಮೇಲಿದ್ದದ್ದನ್ನೆಲ್ಲ ನೀಟಾಗಿ ಇಳಿಸಿಕೊಂಡು ಬರುತ್ತಿದ್ದ. ನೋಟ್ಸ್ ನೋಡಿದರೆ ಯಾರಿಗೂ ಇವನಿಗೆ ಬರುವುದಿಲ್ಲ ಅನ್ನಿಸುತ್ತಿರಲಿಲ್ಲ. ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡು ಅಂದರೆ ಮೂರನೇ ಸಾಲಿಗೆ ಪೆನ್ನು ನಿಲ್ಲುತ್ತಿತ್ತು.

ಹಣದ ವಿಷಯ ಒಂದು ಹೇಳಿಬಿಡುತ್ತೇನೆ. ರಸೀದಿ ಮೇಲೆ ‘ಫೀಸ್ ವಾಪಸ್ ಇಲ್ಲ’ ಅಂತ ಅಚ್ಚಾಗಿತ್ತು. ಕೋಚಿಂಗ್ ಸೆಂಟರುಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಜನವರಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪೂರ್ತಿ ಫೀಸ್ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣ ಹತ್ತು ದಿನದೊಳಗೆ ವಾಪಸ್ ಕೊಡಬೇಕು ಅಂತ ಇದೆ. ಅದನ್ನು ತೋರಿಸಿದರೆ ಕೌಂಟರಿನ ಹುಡುಗಿ ನಕ್ಕಳು ಅಷ್ಟೆ. ಹಾಗಾಗಿ ಕಂತಿನಲ್ಲಿ ಕಟ್ಟುವ ಅವಕಾಶ ಇದ್ದರೆ ಕಂತಿನಲ್ಲೇ ಕಟ್ಟಿ, ರಿಯಾಯಿತಿ ಸಿಗುತ್ತದೆ ಅಂತ ಒಟ್ಟಿಗೆ ಸುರಿಯಬೇಡಿ.

ಎರಡನೆಯದು ನಮ್ಮ ಬಿಲ್ಡಿಂಗಿನ ಸಿಎ ಓದುವ ಹುಡುಗ. ಮನೆಗೇ ಬರುತ್ತಾನೆ, ಕ್ಲಾಸಿನ ಅರ್ಧಕ್ಕಿಂತ ಕಡಿಮೆ ತಗೊಳ್ಳುತ್ತಾನೆ, ಅಕೌಂಟ್ಸ್ ಅವನಿಗೆ ನೀರು ಕುಡಿದಂತೆ. ಆದರೆ 2024ರಿಂದ ಸಿಎ ಇಂಟರ್ ಪರೀಕ್ಷೆ ವರ್ಷಕ್ಕೆ ಮೂರು ಸಲ, ಸುಮಾರು ಜನವರಿ, ಮೇ, ಸೆಪ್ಟೆಂಬರಿನಲ್ಲಿ. ಪರೀಕ್ಷೆ ಹತ್ತಿರ ಬಂದ ಕೂಡಲೇ ಅವನು ಕಾಣೆ. ಅದು ಮುಗಿದರೆ ಆರ್ಟಿಕಲ್‌ಶಿಪ್ (ಸಿಎ ಓದುವವರು ಮಾಡಬೇಕಾದ ತರಬೇತಿ) ಆಫೀಸಿನಲ್ಲಿ ಆಡಿಟ್. ಪಾಪ, ಅವನ ತಪ್ಪಲ್ಲ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಮಾತಾಡಿದರೆ ಇದು ಒಳ್ಳೇ ದಾರಿಯೇ.

ಯೂಟ್ಯೂಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಲೆಕ್ಕ ಎಲ್ಲಿ ಕಟ್ಟಿಕೊಂಡಿದೆ ಅಂತ ಗೊತ್ತಿದ್ದವರಿಗೆ ಅದು ವರ. ಗೊತ್ತಿಲ್ಲದವರು ಸುಮ್ನೆ ಒಂದರ ಹಿಂದೆ ಒಂದು ನೋಡುತ್ತಾ ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಕಸಿದುಕೊಂಡರೆ ‘ಚಿಕ್ಕಮ್ಮ, ಓದ್ತಾ ಇದ್ದೀನಿ’ ಅನ್ನುವ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಇನ್ನು ಕಾಲೇಜಿನದ್ದು. ಇದಕ್ಕೆ ಖರ್ಚಿಲ್ಲ, ಅದಕ್ಕೇ ಇರಬೇಕು, ಯಾರಿಗೂ ಇದರ ಮೇಲೆ ನಂಬಿಕೆ ಇಲ್ಲ.

ಮುಂಬೈಯ ಕ್ರಿಶ್ಚಿಯನ್ ಕಾಲೇಜುಗಳೆಲ್ಲ ಒಂದೇ ಥರ ಅಲ್ಲ. 1869ರ ಸೇಂಟ್ ಝೇವಿಯರ್ಸ್ ಜೆಸ್ವಿಟ್ ಪಾದ್ರಿಗಳದ್ದು. ಗಿರ್ಗಾಂವ್ ಚೌಪಾಟಿಯ ವಿಲ್ಸನ್ ಕಾಲೇಜು ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ 1832ರಲ್ಲಿ ಶುರು ಮಾಡಿದ ಶಾಲೆಯಿಂದ ಬೆಳೆದದ್ದು. ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ನಡೆಸುವ ಕಾಲೇಜುಗಳು ಬೇರೆ. ನಾನು ಹೇಳುತ್ತಿರುವ ಕಾಲೇಜು ಆ ಹೆಸರಾಂತ ಎರಡೂ ಅಲ್ಲ. ‘ಅಲ್ಲಿ ಪ್ರಾರ್ಥನೆ ಮಾಡಿಸ್ತಾರಾ?’ ಅಂತ ಊರಲ್ಲಿ ನಮ್ಮಮ್ಮ ಕೇಳುತ್ತಲೇ ಇರುತ್ತಾರೆ. ಸಹಾಯಕ್ಕೆ ಹೋದವನ ಜಾತಿ, ಧರ್ಮ ಅಲ್ಲಿ ಯಾರೂ ಕೇಳಿಲ್ಲ ಅಮ್ಮ.

ಕಾಲೇಜಿನ ಸಹಾಯದಲ್ಲೂ ಬಗೆಬಗೆ ಇದೆ. ರೆಮಿಡಿಯಲ್ ಲೆಕ್ಚರ್ ಮಧ್ಯಾಹ್ನ ಒಂದಕ್ಕೆ, ಎಲ್ಲರಿಗೂ ಹಸಿವಾದ ಹೊತ್ತು. ಬೆಳಗ್ಗಿನ ಲೆಕ್ಚರನ್ನೇ ಇನ್ನೊಂದು ಸಲ ಕೇಳಿದಂತೆ. ಅದರ ಪಟ್ಟಿಯನ್ನು ‘ಸ್ಲೋ ಲರ್ನರ್ಸ್’ ಅಂತ ಹೆಸರು ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ಸ್ಲೋ ಲರ್ನರ್‌ಗಳಿಗೆ ಏನು ಮಾಡುತ್ತೀರಿ ಅಂತ ನೋಡುತ್ತದೆ, ಫೈಲಿಗೆ ಪಟ್ಟಿ ಬೇಕು, ಸರಿ. ಅದನ್ನು ಕ್ಯಾಂಟೀನಿನ ಎದುರು ಅಂಟಿಸಬೇಕಾ? ಮೆಂಟರ್ ಅಂತ ಒಬ್ಬ ಮೇಷ್ಟ್ರನ್ನೂ ಹಂಚಿರುತ್ತಾರೆ. ನಮ್ಮವನ ಮೆಂಟರ್ ಭೇಟಿ ಅಂದರೆ ಕಾರಿಡಾರಿನಲ್ಲಿ ಒಂದು ಸಹಿ. ಇಷ್ಟು ನೋಡಿ ಬಿಟ್ಟಿದ್ದರೆ ಕಾಲೇಜಿಗೆ ನಾನೂ ಸೊನ್ನೆ ಕೊಡುತ್ತಿದ್ದೆ.

ಆದರೆ ಕೌನ್ಸೆಲಿಂಗ್ ರೂಮಿನಲ್ಲಿ ವಯಸ್ಸಾದ ಒಬ್ಬರು ಸಿಸ್ಟರ್ ಇದ್ದಾರೆ. ಪಾಠ ಹೇಳುವುದಿಲ್ಲ, ಉಪದೇಶವೂ ಮಾಡುವುದಿಲ್ಲ. ವಾರಕ್ಕೊಮ್ಮೆ ಕಾಲು ಗಂಟೆ, ಅಷ್ಟೇ. ಮೊದಲ ದಿನ ಒಂದು ಹಾಳೆ ಕೊಟ್ಟು, ಹೋದ ವಾರ ಯಾವ ಗಂಟೆಯಲ್ಲಿ ಎಲ್ಲಿದ್ದೆ, ಏನು ಮಾಡಿದೆ, ನಿದ್ದೆ ಸಮೇತ ಬರಿ ಅಂದರಂತೆ. ಆ ಹಾಳೆ ನಾನೂ ನೋಡಿದೆ. ಬೆಳಗ್ಗೆ ಆರರ ಲೋಕಲ್, ಮಧ್ಯಾಹ್ನ ಮನೆಗೆ ಬಂದು ಊಟ, ನಿದ್ದೆ, ಸಂಜೆ ಆರರಿಂದ ಹತ್ತರವರೆಗೆ ಗಲ್ಲಾ. ಓದು ಅಂತ ಬರೆದಿದ್ದೆಲ್ಲ ರಾತ್ರಿ ಹತ್ತೂವರೆ ಮೇಲೆ. ಕ್ಲಾಸಿದ್ದ ದಿನ ಹೋಟೆಲಿಗೆ ರಜೆ ಹಾಕಿ, ಮರುದಿನ ಅಲ್ಲಿ ಮಾತು ಕೇಳಿ, ಕೊನೆಗೆ ಎರಡೂ ಅರ್ಧಂಬರ್ಧ. ಹೋಟೆಲ್ ಬಿಡು ಅಂತ ಅವರು ಹೇಳಲಿಲ್ಲ. ಲೆಕ್ಚರ್ ಮುಗಿದ ಮೇಲೆ ಮನೆಗೆ ಓಡದೆ ಮೂರರ ತನಕ ಲೈಬ್ರರಿಯಲ್ಲಿ ಕೂತು ಲೆಕ್ಕ ಮಾಡು ಅಂದರು. ವಾರಕ್ಕೆ ಮೂರೇ ಕೆಲಸ ಬರೆದುಕೊಡುತ್ತಿದ್ದರು. ಮುಂದಿನ ವಾರ ಬಾಗಿಲಲ್ಲೇ ಪ್ರಶ್ನೆ: ‘ಮೂರರಲ್ಲಿ ಯಾವುದು ಆಯ್ತು?’ ಆಗದಿದ್ದರೆ ಬೈಗುಳ ಇಲ್ಲ. ಯಾಕೆ ಆಗಲಿಲ್ಲ ಅಂತ ಕೇಳಿ ಕೆಲಸವನ್ನೇ ಸಣ್ಣದು ಮಾಡುತ್ತಿದ್ದರು. ಕ್ಲಾಸಿನಲ್ಲಾಗಲಿ ಸಿಎ ಹುಡುಗನಲ್ಲಾಗಲಿ ಹೀಗೆ ಕೇಳುವವರು ಇರಲಿಲ್ಲ, ನಾನೂ ಕೇಳಿರಲಿಲ್ಲ.

ಅವರೇ ಅಕೌಂಟ್ಸ್ ಮೇಡಂಗೆ ಹೇಳಿ ಉತ್ತರಪತ್ರಿಕೆ ತೋರಿಸಿದರು. ಮೊದಲ ವರ್ಷದ ಪರೀಕ್ಷೆ ಕಾಲೇಜೇ ನಡೆಸಿದ್ದರಿಂದ ಪೇಪರ್ ಅಲ್ಲೇ ಇತ್ತು. ಫೈನಲ್ ಅಕೌಂಟ್ಸ್ ಲೆಕ್ಕದಲ್ಲಿ ಕೆಳಗೆ ಅಡ್ಜಸ್ಟ್‌ಮೆಂಟ್ ಅಂತ ಕೊಟ್ಟಿರುತ್ತಾರಲ್ಲ, ಪ್ರತಿಯೊಂದೂ ಎರಡು ಕಡೆ ಬರಬೇಕು. ಬಾಕಿ ಇರುವ ಸಂಬಳವನ್ನು ಪ್ರಾಫಿಟ್ ಆಂಡ್ ಲಾಸಿನಲ್ಲಿ ಸಂಬಳಕ್ಕೆ ಸೇರಿಸಬೇಕು, ಬ್ಯಾಲೆನ್ಸ್ ಶೀಟಿನ ಲಯಬಿಲಿಟಿ ಕಡೆಗೂ ತೋರಿಸಬೇಕು. ನಮ್ಮವನು ಎಲ್ಲವನ್ನೂ ಒಂದೇ ಕಡೆ ಹಾಕಿ ಮುಂದೆ ಹೋಗಿದ್ದ. ಬ್ಯಾಲೆನ್ಸ್ ಶೀಟ್ ತಾಳೆ ಆಗದಿದ್ದರೆ ಗಾಬರಿಯಾಗಿ ಮೊದಲಿಂದ ಶುರು. ಅಷ್ಟರಲ್ಲಿ ಟೈಮ್ ಮುಗಿಯುತ್ತಿತ್ತು.

ಅದನ್ನು ತಿದ್ದಿದ್ದು ಥರ್ಡ್ ಇಯರಿನ ಒಬ್ಬಳು ಹುಡುಗಿ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಡುವ ಏರ್ಪಾಡು ಆ ಕಾಲೇಜಿನಲ್ಲಿದೆ. ಪದ್ಧತಿ ಹಳೆಯದು. ಜೆಸ್ವಿಟರು 1599ರಲ್ಲಿ ತಮ್ಮ ಶಾಲೆಗಳಿಗೆ ಮಾಡಿಕೊಂಡ ನಿಯಮಗಳಲ್ಲೇ, ಆಯ್ದ ವಿದ್ಯಾರ್ಥಿಗಳು ಉಳಿದವರಿಂದ ಪಾಠ ಒಪ್ಪಿಸಿಕೊಳ್ಳಬೇಕು ಅಂತ ಇತ್ತು. ಈ ಹುಡುಗಿ ಮಾಡಿಸಿದ್ದು ಇಷ್ಟೆ: ಲೆಕ್ಕ ಶುರು ಮಾಡುವ ಮೊದಲು ಪ್ರತಿ ಅಡ್ಜಸ್ಟ್‌ಮೆಂಟಿನ ಪಕ್ಕ ಪೆನ್ಸಿಲಿನಲ್ಲಿ ಎರಡು ಸಣ್ಣ ಚೌಕ. ಒಂದು ಕಡೆ ಹಾಕಿದರೆ ಒಂದಕ್ಕೆ ಟಿಕ್. ಎರಡೂ ಟಿಕ್ ಆಗದೆ ಮುಂದಿನದ್ದಕ್ಕೆ ಹೋಗುವಂತಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅಕೌಂಟ್ಸ್ ಕೇಟಿ ಹೋಯಿತು.

ಮ್ಯಾಥ್ಸ್ ಕಥೆ ಉಲ್ಟಾ. ಪಿಯುಸಿಯಲ್ಲಿ ಅವನದ್ದು ಹೆಬಾ. ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಗಣಿತ ಇಲ್ಲವೇ ಇಲ್ಲ. ಹತ್ತನೇ ಕ್ಲಾಸಿಗೆ ಬಿಟ್ಟಿದ್ದನ್ನು ಎರಡು ವರ್ಷದ ಮೇಲೆ ಒಮ್ಮೆಲೇ ಪ್ರಾಬಬಿಲಿಟಿಯಿಂದ ಹಿಡಿದರೆ ಹೇಗೆ? ಇಲ್ಲಿ ಸೀನಿಯರ್‌ಗಳಿಂದ ಕೆಲಸ ಆಗಲಿಲ್ಲ. ಅವರಿಗೆ ಸೂತ್ರ ಗೊತ್ತು, ಯಾಕೆ ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಸಿಸ್ಟರ್ ಮಾಡಿಕೊಟ್ಟ ಟೈಮ್‌ಟೇಬಲ್ ಇತ್ತು, ಅದರೊಳಗೆ ಕೂತು ಮಾಡಲು ಲೆಕ್ಕವೇ ಬರುತ್ತಿರಲಿಲ್ಲ. ಬುಡದಿಂದ ಕಲಿಸಿದ್ದು ಥಾಣೆಯ ಕ್ಲಾಸಿನವರೇ. ಶನಿವಾರ, ಭಾನುವಾರದ ಬ್ಯಾಚ್, ವಾರವಾರ ಟೆಸ್ಟ್. ಅವರ ಫೀಸಿನ ರಸೀದಿ ಬಗ್ಗೆ ನನ್ನ ಸಿಟ್ಟು ಹಾಗೇ ಇದೆ, ಆದರೂ ಮ್ಯಾಥ್ಸಿಗೆ ಅವರಿಗೇ ಓಟು.

ಹಾಗಾಗಿ ನನ್ನನ್ನು ಯಾರಾದರೂ ಕೇಳಿದರೆ ಮೊದಲು ಉತ್ತರಪತ್ರಿಕೆ ತೆಗೆಸಿ ನೋಡಿ ಅನ್ನುತ್ತೇನೆ. ಬಂದ ಪಾಠದಲ್ಲೇ ಎಡವಿದ್ದರೆ ಸಿಸ್ಟರ್‌ ಥರದವರ ಕಾಲು ಗಂಟೆ ಮತ್ತು ಒಳ್ಳೇ ಸೀನಿಯರ್ ಸಾಕು, ಕ್ಲಾಸಿಗೆ ದುಡ್ಡು ಹಾಕಬೇಡಿ. ಪಾಠವೇ ತಲೆಗೆ ಹೋಗದಿದ್ದರೆ ಕ್ಲಾಸೇ ಸರಿ. ರೆಮಿಡಿಯಲ್‌ಗೆ ಪರೀಕ್ಷೆಗೆ ಮುಂಚಿನ ಎರಡು ವಾರ ಮಾತ್ರ ಹೋದರೆ ಸಾಕು, ಮೇಡಂ ಯಾವುದನ್ನು ಒತ್ತಿ ಹೇಳುತ್ತಾರೆ ಅಂತ ಕೇಳಿಸಿಕೊಳ್ಳುವುದಕ್ಕೆ. ಇನ್ನೊಂದು: ನಮ್ಮ ಕಾಲೇಜಿನಲ್ಲಿ ಸೀನಿಯರ್‌ಗಳ ಹೆಸರು ಜುಲೈ ಮುಗಿಯುವುದರೊಳಗೆ ಹಂಚಿ ಹೋಗಿರುತ್ತದೆ. ರಿಸಲ್ಟ್ ಬಂದ ಮೇಲೆ ಹೋದರೆ ಉಳಿದಿರುವವರು ತಮ್ಮದೇ ಪ್ರಾಜೆಕ್ಟಿನಲ್ಲಿ ಮುಳುಗಿರುವವರು.