ಧನುರ್ಮಾಸದ ಚೆನ್ನೈ: ಹಗಲಿನ ಕಛೇರಿಗಳಿಗಾಗಿಯೇ ಹೋಗಿ

ಕರ್ನಾಟಕ ಸಂಗೀತದ ಡಿಸೆಂಬರ್ ಸೀಸನ್‌ಗೆಂದು ಮಂಗಳೂರು, ಉಡುಪಿ ಕಡೆಯಿಂದ ಚೆನ್ನೈಗೆ ಹೊರಡುವವರು ಮೊದಲು ಪಟ್ಟಿ ಮಾಡುವುದು ಸಂಜೆಯ ದೊಡ್ಡ ಹೆಸರುಗಳನ್ನು. ಟಿಕೆಟ್‌ಗಾಗಿ ಅಲೆದು, ಒಂದು ಸಭಾದಿಂದ (ಕಛೇರಿ ನಡೆಸುವ ಸಂಸ್ಥೆ) ಇನ್ನೊಂದಕ್ಕೆ ಆಟೋದಲ್ಲಿ ಓಡಿ, ಕೊನೆಗೆ ನೆಮ್ಮದಿಯಾಗಿ ಕೇಳಿದ್ದು ಎಷ್ಟು ಎಂದು ನೋಡಿದರೆ ಲೆಕ್ಕ ಸಣ್ಣದಿರುತ್ತದೆ. ಈ ಸೀಸನ್‌ನ ನಿಜವಾದ ಸಂಪತ್ತು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರೂವರೆಯೊಳಗೆ ಇದೆ. ಅದರಲ್ಲಿ ಎಷ್ಟೋ ಭಾಗಕ್ಕೆ ಟಿಕೆಟ್ಟೇ ಬೇಡ.

ಟಿ.ಟಿ.ಕೆ. ರಸ್ತೆಯ ಮ್ಯೂಸಿಕ್ ಅಕಾಡೆಮಿಯನ್ನೇ ನೋಡಿ. 1927ರ ಕಾಂಗ್ರೆಸ್ ಅಧಿವೇಶನ ಮದ್ರಾಸಿನಲ್ಲಿ ನಡೆದಾಗ ಅದರ ಜೊತೆಗೆ ಏರ್ಪಟ್ಟ ಸಂಗೀತ ಸಮ್ಮೇಳನದಿಂದ ಹುಟ್ಟಿ, 1928ರಲ್ಲಿ ಉದ್ಘಾಟನೆಯಾದ ಸಂಸ್ಥೆ. ಸೀಸನ್ ಡಿಸೆಂಬರ್‌ಗೆ ಬಂದು ಕೂತದ್ದೂ ಆ ನಂಟಿನಿಂದಲೇ. ವಿದ್ವಾಂಸರ ಚರ್ಚೆಗೆ ಅಲ್ಲಿ ಮೊದಲಿನಿಂದಲೂ ಕಛೇರಿಯಷ್ಟೇ ತೂಕ. ಬೆಳಗ್ಗೆ 8ರ ಸುಮಾರಿಗೆ ಶುರುವಾಗುವ ಸೋದಾಹರಣ ಉಪನ್ಯಾಸಗಳಿಗೆ ಪ್ರವೇಶ ಉಚಿತ. ಆ ವರ್ಷ ಸಂಗೀತ ಕಲಾನಿಧಿ ಬಿರುದಿಗೆ ಆಯ್ಕೆಯಾದವರೇ ಅಧ್ಯಕ್ಷತೆ ವಹಿಸುತ್ತಾರೆ, ಹಿರಿಯರು ಎದ್ದು ಪ್ರಶ್ನೆ ಕೇಳುತ್ತಾರೆ, ಹಾಡಿ ತೋರಿಸಿ ವಾದಿಸುತ್ತಾರೆ. ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ. ರಾಗದ ಹಳೆಯ ಮತ್ತು ಈಗಿನ ರೂಪ, ಒಂದೇ ಕೃತಿಯ ಬೇರೆ ಬೇರೆ ಪಾಠಾಂತರ, ಇಂಥ ವಿಷಯಗಳಲ್ಲಿ ಆಸಕ್ತಿ ಇರುವವರಿಗೆ ಇದೊಂದಕ್ಕಾಗಿಯೇ ಪ್ರಯಾಣ ಮಾಡಬಹುದು.

ಆಮೇಲೆ ಒಂದು ಬೆಳಗಿನ ಕಛೇರಿ, ಅದಕ್ಕೆ ಟಿಕೆಟ್ ಇರುತ್ತದೆ. ಮಧ್ಯಾಹ್ನ 12ಕ್ಕೆ ಮತ್ತು 1.45ಕ್ಕೆ ಕಿರಿಯ ಕಲಾವಿದರ ಎರಡು ಕಛೇರಿ, ಉಚಿತ. ಮತ್ತೆ ಸಂಜೆ 4ಕ್ಕೆ ಹಾಗೂ 7ರ ಆಸುಪಾಸಿಗೆ ಟಿಕೆಟ್ಟಿನವು. ಡಿಸೆಂಬರ್ 15ರ ಸುಮಾರಿಗೆ ಶುರುವಾಗಿ ಜನವರಿ 1ರವರೆಗೆ ಈ ಕ್ರಮ, 3ರಿಂದ ನೃತ್ಯೋತ್ಸವ. ಗಂಟೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದು, ಆಯಾ ವರ್ಷದ ಕಾರ್ಯಕ್ರಮ ಪಟ್ಟಿ ನೋಡಿಕೊಳ್ಳಿ. ಮಧ್ಯಾಹ್ನದವರಿಗೆ ಸಮಯ ಕಡಿಮೆ, ಹಾಗಾಗಿ ವ್ಯರ್ಥ ಮಾಡುವುದಿಲ್ಲ. ಶುರುವಿಗೆ ಒಂದು ವರ್ಣ, ಎರಡು ಕೃತಿ, ಒಂದು ವಿಸ್ತಾರವಾದ ರಾಗ, ಅದಕ್ಕೆ ತನಿ ಆವರ್ತನ, ಅಂದರೆ ಲಯವಾದ್ಯದವರು ಮಾತ್ರ ನುಡಿಸುವ ಭಾಗ. ವರ್ಷವಿಡೀ ತಯಾರಿ ಮಾಡಿ ತಂದದ್ದನ್ನು ಅರ್ಧ ತುಂಬಿದ ಸಭಾಂಗಣದಲ್ಲಿ ಹಾಡುತ್ತಾರೆ. ನಿಮಗೆ ನಡುವಿನ ಸಾಲಿನಲ್ಲಿ ಒಳ್ಳೆಯ ಜಾಗ ಸಿಗುತ್ತದೆ. ವಾದ್ಯ ಕಛೇರಿಗಳಿಗಂತೂ ಸಂಜೆ ಕೂಡ ಅಂಥ ನೂಕುನುಗ್ಗಲು ಇರುವುದಿಲ್ಲ. ಸ್ಯಾಕ್ಸೊಫೋನಿಗೆ ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಗೌರವದ ಜಾಗ ಮಾಡಿಕೊಟ್ಟ ನಮ್ಮ ಕದ್ರಿ ಗೋಪಾಲನಾಥರ ಊರಿನಿಂದ ಹೋಗುವವರು ಅವನ್ನು ಬಿಡಬಾರದು.

ಎಲ್ಲಿ ಕೂರಬೇಕೆಂಬುದೂ ಮುಖ್ಯ. ಬಹಳ ಸಭಾಗಳಲ್ಲಿ ಮೈಕಿನ ಸದ್ದು ಬೇಕಾದ್ದಕ್ಕಿಂತ ಜಾಸ್ತಿ. ವೇದಿಕೆಯಲ್ಲಿ ಒಬ್ಬರು ತಮ್ಮ ಮಾನಿಟರ್ (ಕಲಾವಿದರ ಕಡೆ ತಿರುಗಿಸಿದ ಸ್ಪೀಕರ್) ಏರಿಸಿ ಎಂದರೆ ಪಕ್ಕದವರಿಗೂ ಏರಿಸಬೇಕಾಗುತ್ತದೆ, ಕೊನೆಗೆ ಮೃದಂಗದ ಎಡಭಾಗ ಗುಂಯ್ ಎಂದು ತಂಬೂರಿಯನ್ನು ನುಂಗುತ್ತದೆ. ಗೋಡೆಯ ಪಕ್ಕದ, ಸ್ಪೀಕರ್ ಎದುರಿನ ಸೀಟು ಬೇಡ. ನಡುವಿನ ಸಾಲು ಇಲ್ಲದಿದ್ದರೆ ಬಾಲ್ಕನಿಯ ಮುಂದಿನ ಸಾಲು ಒಳ್ಳೆಯದು. ಹೊರಗೆ ಸೆಖೆ ಇದ್ದರೂ ಒಳಗೆ ಎ.ಸಿ. ಚಳಿ ಹಿಡಿಸುವಷ್ಟು, ಶಾಲು ಇರಲೇಬೇಕು. ಉಡುಪಿ ಕೃಷ್ಣಮಠದ ರಾಜಾಂಗಣದಲ್ಲಿ ಯಾವಾಗ ಬೇಕಾದರೂ ಬಂದು ಕೂತು ಎದ್ದು ಹೋಗುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ತಡವಾದರೆ ಹಾಡು ಮುಗಿಯುವವರೆಗೆ ಬಾಗಿಲ ಹೊರಗೆ ಕಾಯುವುದೇ ಮರ್ಯಾದೆ. ತನಿ ಆವರ್ತನ ಶುರುವಾದ ಕೂಡಲೇ ಕ್ಯಾಂಟೀನಿಗೆ ಏಳುವ ಜನ ಚೆನ್ನೈಯಲ್ಲೇ ಬೇಕಾದಷ್ಟಿದ್ದಾರೆ, ದಯವಿಟ್ಟು ಅವರ ಜೊತೆ ಸೇರಬೇಡಿ. ಲಯವಾದ್ಯದವರು ಎರಡು ಗಂಟೆ ಕಾದು ಕೂತಿರುವುದು ಆ ಹತ್ತು ಹದಿನೈದು ನಿಮಿಷಕ್ಕಾಗಿ.

ಸಂಜೆಯ ಕಛೇರಿ ಬೇಡವೆಂದಲ್ಲ. ನಾಲ್ಕು ದಿನ ಇದ್ದರೆ ಎರಡು ಸಂಜೆ ಸಾಕು. ಸೀಸನ್ ಟಿಕೆಟ್‌ನವರಿಗೆ ಹೋಗಿ ಉಳಿದದ್ದು ಮಾತ್ರ ಅಂದಂದಿಗೆ ಸಿಗುವುದು, ದೊಡ್ಡ ಹೆಸರಿದ್ದರೆ ಬೆಳಗ್ಗೆಯೇ ಮುಗಿಯುತ್ತದೆ. ಉಳಿದ ಸಂಜೆಗಳಿಗೆ ಅದೇ ರಸ್ತೆಯ ಆಳ್ವಾರ್‌ಪೇಟೆ ತುದಿಯ ನಾರದ ಗಾನ ಸಭಾ ಇದೆ, ಅಕಾಡೆಮಿಯಿಂದ ನಡೆದೇ ಹೋಗಬಹುದು. ತಿರುವಾನ್ಮಿಯೂರಿನ ಕಲಾಕ್ಷೇತ್ರಕ್ಕೆ ಹೋಗುವುದಾದರೆ ಅರ್ಧ ದಿನ ಬೇರೆಯೇ ತೆಗೆದಿಡಿ. 1936ರಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಕಟ್ಟಿದ ನೃತ್ಯ, ಸಂಗೀತದ ಸಂಸ್ಥೆ ಅದು, ಎರಡು ಕಛೇರಿಗಳ ನಡುವೆ ತುರುಕುವ ಜಾಗವಲ್ಲ.

ಸಭಾ ಕ್ಯಾಂಟೀನುಗಳ ಹೆಸರು ಸಂಗೀತದಷ್ಟೇ ದೊಡ್ಡದು. ಗುತ್ತಿಗೆದಾರರು ಬದಲಾಗುತ್ತಿರುತ್ತಾರೆ, ಹಾಗಾಗಿ ಕಳೆದ ಸಲ ಚೆನ್ನಾಗಿತ್ತೆಂಬ ಮಾತನ್ನು ಪೂರ್ತಿ ನಂಬಬೇಡಿ. ಮಧ್ಯಾಹ್ನದ ಎಲೆ ಊಟಕ್ಕೆ ಟೋಕನ್ ಮೊದಲೇ ತೆಗೆದುಕೊಳ್ಳಬೇಕು. 12ರ ಕಛೇರಿಗೆ ಮೊದಲು, 11.15ರ ಹೊತ್ತಿಗೆ ಕೂತರೆ ಬಿಸಿ ಇರುತ್ತದೆ, ಸಾಲೂ ಇರುವುದಿಲ್ಲ. ನಮ್ಮ ಬಾಯಿಗೆ ವ್ಯತ್ಯಾಸ ಗೊತ್ತಾಗುವುದು ಹುಳಿಯಲ್ಲಿ. ಕೊದ್ದೆಲಿನ ಹಾಗೆ ತೆಂಗಿನಕಾಯಿ ಅರೆದ ದಪ್ಪ ಇಲ್ಲಿನ ಸಾಂಬಾರಿಗೆ ಇಲ್ಲ, ಹುಣಸೆರಸದ ಸಾರಾದ ವತ್ತಕ್ಕುಳಂಬಿಗೆ ಎಳ್ಳೆಣ್ಣೆಯ ಪರಿಮಳ. ಸಂಜೆ ತಿಂಡಿಗೆ ಅಡೈ ಅವಿಯಲ್, ಕೀರೆ (ಸೊಪ್ಪಿನ) ವಡೆ ಕೇಳಿ. ರವೆ ದೋಸೆಗೆ ಹೇಳಿದರೆ ಹೆಂಚಿನ ಹತ್ತಿರ ಇಪ್ಪತ್ತು ನಿಮಿಷ ಹೋಗುತ್ತದೆ, 4ರ ಕಛೇರಿಯ ವರ್ಣ ತಪ್ಪುತ್ತದೆ.

ಉಳಿಯುವುದಕ್ಕೆ ಅಕಾಡೆಮಿಯ ಸುತ್ತಲಿನ ಒಂದೂವರೆ ಕಿಲೋಮೀಟರ್ ಬಿಟ್ಟು ಹೊರಗೆ ರೂಮು ಹುಡುಕಬೇಡಿ. ಟಿ. ನಗರದಲ್ಲಿ ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ಉಳಿದ ದುಡ್ಡು ಆಟೋಗೆ ಹೋಗುತ್ತದೆ. ಮೆಟ್ರೋ ಎರಡನೇ ಹಂತದ ಕಾಮಗಾರಿಯಿಂದ ಮೈಲಾಪುರದ ಲಸ್ ಸುತ್ತಮುತ್ತ ದಾರಿ ಬದಲಾವಣೆ ಬೇರೆ. ರಾಧಾಕೃಷ್ಣನ್ ಸಾಲೈನ ನ್ಯೂ ವುಡ್‌ಲ್ಯಾಂಡ್ಸ್ ನಡೆಯುವ ದೂರದಲ್ಲಿದೆ. ಉಡುಪಿ ಸೀಮೆಯಿಂದ ಹೋಗಿ ಮದ್ರಾಸಿಗೆ ಉಡುಪಿ ಹೋಟೆಲಿನ ರುಚಿ ಹತ್ತಿಸಿದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಪರಂಪರೆಯದು. ಅವರ ಡ್ರೈವ್-ಇನ್ ಹೋಟೆಲ್ 2008ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ. ಮೈಲಾಪುರದ ಕಪಾಲೀಶ್ವರನ ದರ್ಶನಕ್ಕೆ ನಸುಕಿನಲ್ಲೇ ಹೋಗಿ. ಧನುರ್ಮಾಸದಲ್ಲಿ ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳಲ್ಲಿ ಭಜನೆ ಸಾಗುತ್ತಿರುತ್ತದೆ. ಅಲ್ಲಿಂದ ಅರುಂಡೇಲ್ ಬೀದಿಯ ರಾಯರ್ ಮೆಸ್‌ನಲ್ಲಿ ಇಡ್ಲಿ, ಪೊಂಗಲ್ ತಿಂದು ಎಂಟಕ್ಕೆ ಅಕಾಡೆಮಿ ಸೇರಬಹುದು. ಮೆಸ್ ಸಣ್ಣದು, ಮಾಡಿದ್ದು ಖಾಲಿಯಾದರೆ ಮುಗಿಯಿತು.

ಇನ್ನು ರೈಲು. ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಚೆನ್ನೈ ಮೇಲ್ (12602) ಸುಮಾರು 890 ಕಿ.ಮೀ. ಓಡಿ ಮರುದಿನ ಬೆಳಗಿನ ಜಾವ ಚೆನ್ನೈ ಸೆಂಟ್ರಲ್ ತಲುಪುತ್ತದೆ. ಸಮಯಕ್ಕೆ ಸರಿಯಾಗಿ ಬಂದರೆ ಸ್ನಾನ ಮಾಡಿ ಅದೇ ದಿನದ ಉಪನ್ಯಾಸಕ್ಕೆ ಕೂರಬಹುದು. ತಡರಾತ್ರಿಯ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಹಿಡಿದರೆ ಮರುದಿನದ ಹಗಲಿಡೀ ರೈಲಿನಲ್ಲೇ ಹೋಗುತ್ತದೆ, ಈ ಕೆಲಸಕ್ಕೆ ಅದು ಆಗದು. ಉಡುಪಿಯವರು ಕೊಂಕಣ ರೈಲಿನಲ್ಲಿ ಬಂದು ಮೇಲ್ ಹಿಡಿಯುವ ಲೆಕ್ಕ ಹಾಕುವಾಗ ಎಚ್ಚರ: ಎಷ್ಟೋ ರೈಲುಗಳು ಬರುವುದು ಕಂಕನಾಡಿಯ ಜಂಕ್ಷನ್ನಿಗೆ, ಸೆಂಟ್ರಲ್‌ಗೆ ಅಲ್ಲ. ಬಸ್ಸೇ ವಾಸಿ, ಹಂಪನಕಟ್ಟೆ ಹತ್ತಿರ ಇಳಿದರೆ ಸ್ಟೇಷನ್ ಪಕ್ಕದಲ್ಲೇ.

ಬುಕಿಂಗ್ 60 ದಿನ ಮೊದಲು ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಡಿಸೆಂಬರ್ 15ರ ಪ್ರಯಾಣಕ್ಕೆ ಅಕ್ಟೋಬರ್ 16. ಈ ದಾರಿಯಲ್ಲಿ ಶಬರಿಮಲೆ ಯಾತ್ರಿಕರು, ಕ್ರಿಸ್ಮಸ್‌ಗೆ ಊರಿಗೆ ಹೋಗುವವರು ಎಲ್ಲರೂ ಆಗಲೇ ಓಡಾಡುವುದರಿಂದ ತತ್ಕಾಲ್ ನಂಬಿ ಕೂರುವಂತಿಲ್ಲ. ಹಿಂಗಾರು ಮಳೆಯ ಮೇಲೂ ಕಣ್ಣಿರಲಿ. 2015ರಲ್ಲೂ 2023ರಲ್ಲೂ ಚೆನ್ನೈ ಮುಳುಗಿದ್ದು ಡಿಸೆಂಬರ್ ಮೊದಲ ವಾರದಲ್ಲೇ, ಆದ್ದರಿಂದ 18ರಿಂದ 24ರ ನಡುವಿನ ನಾಲ್ಕು ದಿನ ಆರಿಸಿಕೊಳ್ಳುವುದು ಕ್ಷೇಮ. ವಾಪಸು ಮೇಲ್ (12601) ಸೆಂಟ್ರಲ್‌ನಿಂದ ರಾತ್ರಿ 8ರ ಸುಮಾರಿಗೆ ಹೊರಡುತ್ತದೆ. ಕೊನೆಯ ದಿನ 4ರ ಕಛೇರಿಯ ಆಸೆ ಬಿಡಿ. ಸಂಜೆಯ ಟ್ರಾಫಿಕ್‌ನಲ್ಲಿ ಸೆಂಟ್ರಲ್‌ಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. 1.45ರದ್ದನ್ನು ಮಂಗಳದವರೆಗೂ ಕೇಳಿ, ಕ್ಯಾಂಟೀನಿನಲ್ಲಿ ರಾತ್ರಿಗೆ ಮೊಸರನ್ನ ಕಟ್ಟಿಸಿಕೊಂಡು, ಆರು ಗಂಟೆಯೊಳಗೆ ರೂಮು ಬಿಟ್ಟರೆ ಸರಿಹೋಗುತ್ತದೆ.